ಸೊನ್ನೆ ಪಾಯಿಂಟ್ ಒಂಬತ್ತು ಮಿಲಿಮೀಟರ್

ಒರೆಸುವ ಕಡ್ಡಿಯ ತುದಿಗೆ ಎರಡು ಹನಿ ದ್ರಾವಣ ಬಿಟ್ಟು, ಮೂರನೆಯದು ಬೀಳುವ ಮೊದಲೇ ಬಾಟಲಿ ನೆಟ್ಟಗೆ ಮಾಡಿ, ಧೂಳಕ್ಕ ಉಸಿರು ಬಿಗಿಹಿಡಿದಳು. ಲೆನ್ಸ್ ಕಳಚಿದ ಕ್ಯಾಮೆರಾ ಬಾಯಿ ತೆರೆದುಕೊಂಡು ಅಂಗಾತ ಮಲಗಿತ್ತು. ಒಳಗೆ ಚಿತ್ರ ಹಿಡಿಯುವ, ದೊಡ್ಡ ಅಂಚೆಚೀಟಿಯಷ್ಟು ಅಗಲದ ಸೆನ್ಸರ್, ಎಣ್ಣೆ ಬಿದ್ದ ನೀರಿನ ಹಾಗೆ ಹಸಿರು ನೇರಳೆಯಾಗಿ ಹೊಳೆಯುತ್ತಿತ್ತು. ಎಡದಂಚಿನಲ್ಲಿ ಕಡ್ಡಿ ಊರಿ ಅವಳು ಮೆಲ್ಲಗೆ ಬಲಕ್ಕೆ ಎಳೆಯತೊಡಗಿದಳು.

“ಅಕ್ಕಾ, ಒಂದೇ ಒಂದು ಪ್ರಶ್ನೆ,” ಎಂದ ಬಾಗಿಲಲ್ಲಿ ನಿಂತಿದ್ದ ತಮ್ಮ.

ಧೂಳಕ್ಕ ಉತ್ತರ ಕೊಡಲಿಲ್ಲ. ಮಾತಾಡಿದರೆ ಎಂಜಲು ಹಾರುತ್ತದೆ, ಹಾರಿದ ಎಂಜಲು ಸೆನ್ಸರ್ ಮೇಲೆಯೇ ಹೋಗಿ ಕೂರುತ್ತದೆ. ಕ್ಯಾಮೆರಾದ ಬಾಯಿ ತೆರೆದಿರುವಾಗ ಮನುಷ್ಯರ ಬಾಯಿ ಮುಚ್ಚಿರಬೇಕು ಎಂಬುದು ಮನೆಯ ಮುಂಭಾಗದ ಆ ಕೋಣೆಯ ಮೊದಲ ನಿಯಮ. ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿಯನ್ನು ಯಾರೂ ದಾಟಬಾರದು ಎಂಬುದು ಎರಡನೆಯದು. ಇವೆರಡನ್ನೂ ಬರೆದು ಗೋಡೆಗೆ ಹಾಕಿದ್ದಳು. ಮೂರನೆಯ ನಿಯಮವೊಂದಿತ್ತು, ಅದನ್ನು ಎಲ್ಲೂ ಬರೆದಿರಲಿಲ್ಲ: ಮೇಜಿನ ಮೇಲೆ ಕಂಡದ್ದನ್ನು ಮೇಜಿನ ಆಚೆ ಹೇಳುವುದಿಲ್ಲ. ಹದಿನಾಲ್ಕು ವರ್ಷ ಅವಳ ಕಸುಬು ನಡೆದದ್ದು ಮೊದಲೆರಡು ನಿಯಮಗಳಿಂದಲ್ಲ, ಮೂರನೆಯದರಿಂದ. ಫೋಟೋಗ್ರಾಫರುಗಳು ಮೆಮೊರಿ ಕಾರ್ಡನ್ನೂ ತೆಗೆಯದೆ ಕ್ಯಾಮೆರಾ ಬಿಟ್ಟು ಹೋಗುತ್ತಿದ್ದರು. ಯಾರ ಮದುವೆ ಮುರಿಯಲಿದೆ, ಯಾವ ನಟಿಯ ಮೂಗು ಹೊಸದು, ಎಲ್ಲವೂ ಆ ಕಾರ್ಡುಗಳಲ್ಲಿರುತ್ತಿತ್ತು. ಧೂಳಕ್ಕನ ಹತ್ತಿರ ಬಿಟ್ಟರೆ ಬಾವಿಗೆ ಹಾಕಿದ ಹಾಗೆ ಅನ್ನುತ್ತಿದ್ದರು.

“ಮುಂದಿನ ವರ್ಷ ಬರೋ ದೊಡ್ಡ ಕ್ಯಾಮೆರಾ ಇದೆಯಲ್ಲ,” ತಮ್ಮ ಮುಂದುವರಿಸಿದ. “ಅದರ ಸೆನ್ಸರ್ ಸಾಲು ಸಾಲಾಗೇ ಓದುತ್ತೋ, ಇಡೀ ಚಿತ್ರ ಒಂದೇ ಸಲ ಓದುತ್ತೋ? ನಿನಗೇನನ್ಸುತ್ತೆ? ಹೂಂ ಅಂದ್ರೆ ಒಂದೇ ಸಲ, ಊಹೂಂ ಅಂದ್ರೆ ಸಾಲು ಸಾಲು. ಸುಮ್ಮನಿದ್ರೆ ನಿನಗೆ ಗೊತ್ತಿದೆ, ಹೇಳ್ತಿಲ್ಲ ಅಂತ ಅರ್ಥ.”

ಧೂಳಕ್ಕ ಸುಮ್ಮನಿದ್ದಳು. ಕಡ್ಡಿ ಬಲದಂಚು ಮುಟ್ಟಿತು. ನಾಲ್ಕು ತಿಂಗಳಿಂದ ದಿನಾ ಮಧ್ಯಾಹ್ನ ಇದೇ ಪ್ರಶ್ನೆ, ಇದೇ ಮೌನ.

ತಮ್ಮ ಈಗ ಪಟ್ಟಿಯ ಈಚೆ ಸ್ಟೂಲಿನ ಮೇಲೆ ಕೂತಿದ್ದ ಮಂಡಿಯಣ್ಣನ ಕಡೆ ತಿರುಗಿದ. ಮಂಡಿಯಣ್ಣ ಫುಟ್‌ಬಾಲ್ ಪಂದ್ಯಗಳ ಫೋಟೋಗ್ರಾಫರ್. ಮೈದಾನದ ಅಂಚಿನಲ್ಲಿ ಮಂಡಿಯೂರಿ ಕೂತು ಕೂತು ಅವನ ಎಲ್ಲ ಪ್ಯಾಂಟುಗಳೂ ಮೊದಲು ಅಲ್ಲೇ ಸವೆಯುತ್ತಿದ್ದವು, ಹೆಸರು ಬಂದದ್ದು ಹಾಗೆ. ಹನ್ನೊಂದು ವರ್ಷದಿಂದ ಎರಡು ವಾರಕ್ಕೊಮ್ಮೆ ಸೋಮವಾರ ಅವನು ಬಂದೇ ಬರುತ್ತಿದ್ದ. ಇವತ್ತು ಮಾತ್ರ ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಕೂತಿದ್ದ.

“ಏನ್ ಮಂಡಿಯಣ್ಣ, ಕ್ಯಾಮೆರಾಗೆ ಮೈತುಂಬಾ ಕಪ್ಪು ಟೇಪು? ಗಾಯ ಆಗಿದೆಯಾ?”

“ಹಳೇದು ಕಣಪ್ಪಾ. ಗೀರಾಗಿತ್ತು, ಸುತ್ತಿದೆ.”

“ಇಷ್ಟೊಂದು ಗೀರಾ?”

“ಜಾಸ್ತಿ ಗೀರು.”

ತಮ್ಮ ಗಡಿಯಾರ ನೋಡಿಕೊಂಡು ಹೊರಟ. ಅವನ ಊಟದ ಬಿಡುವು ಮೂವತ್ತು ನಿಮಿಷ. ಗುರುತಿನ ಚೀಟಿ ಕೊಡುವ ಕಚೇರಿಯಲ್ಲಿ ಜನರ ಮುಖದ ಫೋಟೋ ತೆಗೆಯುವುದು ಅವನ ಉದ್ಯೋಗ. ಅಲ್ಲಿನ ಕ್ಯಾಮೆರಾವನ್ನು ಕಂಬಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದರು. ಬೆಳಕು, ದೂರ, ಜನ ಕೂರುವ ಕುರ್ಚಿ, ಎಲ್ಲವನ್ನೂ ಇನ್ಯಾರೋ ನಿಗದಿ ಮಾಡಿಟ್ಟಿದ್ದರು. ಒಂಬತ್ತು ವರ್ಷದಲ್ಲಿ ಅವನ ಕಲೆಗೆ ಬಿಟ್ಟುಕೊಟ್ಟದ್ದು ಒಂದು ಗುಂಡಿ, ಮತ್ತು ‘ನಗಬೇಡಿ’ ಎಂಬ ಮಾತು. ಇಂಥವನು ಸಂಜೆ ಮನೆಗೆ ಬಂದು, ಇನ್ನೂ ಹುಟ್ಟದ ಕ್ಯಾಮೆರಾಗಳ ಬಗ್ಗೆ ಅಂತರ್ಜಾಲದಲ್ಲಿ ಅಂಕಣ ಬರೆಯುತ್ತಿದ್ದ. ನಲವತ್ತು ಸಾವಿರ ಓದುಗರಿದ್ದರು. ಅವರಲ್ಲಿ ಅರ್ಧದಷ್ಟು ಜನ ಅವನನ್ನು ‘ಸರ್’ ಅನ್ನುತ್ತಿದ್ದರು. ಪ್ರತಿ ಸುದ್ದಿಯ ಪಕ್ಕದಲ್ಲಿ ಅವನು ಒಂದು ದರ್ಜೆ ಹಾಕುತ್ತಿದ್ದ: ಬರೀ ಊಹೆಯಾದರೆ ‘ಗಾಳಿ’, ಯಾರೋ ಹೇಳಿದ್ದಾದರೆ ‘ಹೊಗೆ’, ಖಚಿತವಾದರೆ ‘ಬಿಸಿ’. ಆರು ವರ್ಷದಲ್ಲಿ ‘ಬಿಸಿ’ ಹಾಕಿದ್ದು ಮೂರೇ ಸಲ. ಮೂರೂ ಸಲ ಅದು ಕಂಪನಿಯೇ ಪ್ರಕಟಿಸಿದ ಮಾರನೆಯ ದಿನವಾಗಿತ್ತು.

ಒರೆಸಿದ ಮೇಲೆ ಬಿಳಿ ಹಲಗೆಯ ಫೋಟೋ ತೆಗೆದು ಪರೀಕ್ಷಿಸುವುದು ಕ್ರಮ. ಲೆನ್ಸಿನ ಕಂಡಿಯನ್ನು ಆದಷ್ಟು ಕಿರಿದು ಮಾಡಿದರೆ ಸೆನ್ಸರಿನ ಮೇಲಿನ ಗಾಜಿಗೆ ಅಂಟಿದ ಧೂಳಿನ ನೆರಳು ಚಿತ್ರದಲ್ಲಿ ಬೀಳುತ್ತದೆ. ಧೂಳಕ್ಕ ಟೇಪಿನ ಕ್ಯಾಮೆರಾಕ್ಕೆ ತನ್ನ ಲೆನ್ಸ್ ತೊಡಿಸಿ, ಹಲಗೆಗೆ ಹಿಡಿದು ಒತ್ತಿದಳು. ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು. ಎರಡು ಧೂಳಿನ ಚುಕ್ಕೆ ಉಳಿದಿದ್ದವು.

ಅವಳು ಅವನ್ನು ಬಹಳ ಹೊತ್ತು ನೋಡಿದಳು.

ಧೂಳು ಕೂರುವುದು ಸೆನ್ಸರಿನ ಮೇಲಲ್ಲ, ಅದರ ಮೇಲೆ ಹೊದಿಸಿದ ಗಾಜಿನ ಮೇಲೆ. ಗಾಜು ದಪ್ಪವಿದ್ದರೆ ನೆರಳು ದೂರದಿಂದ ಬಿದ್ದು ಹರಡಿಕೊಳ್ಳುತ್ತದೆ, ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ. ಇದುವರೆಗೆ ಅವಳ ಮೇಜಿಗೆ ಬಂದ ಎಲ್ಲ ಕ್ಯಾಮೆರಾಗಳ ಧೂಳೂ ಹಾಗೇ ಕಾಣುತ್ತಿತ್ತು. ಈ ಎರಡು ಚುಕ್ಕೆಗಳು ಮಾತ್ರ ಸಾಸಿವೆ ಕಾಳಿನ ಹಾಗೆ, ಅಂಚು ಕೊರೆದಿಟ್ಟಂತೆ ಇದ್ದವು. ಅಂದರೆ ಈ ಗಾಜು ಅರ್ಧಕ್ಕಿಂತ ತೆಳು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಮಿಲಿಮೀಟರಿಗೆ ಒಂದು ಕೂದಲೆಳೆ ಕಡಿಮೆ. ಅಂಥ ಗಾಜಿರುವ ಕ್ಯಾಮೆರಾ ಯಾವ ಅಂಗಡಿಯಲ್ಲೂ ಇರಲಿಲ್ಲ.

ಇನ್ನೂ ಒಂದು ವಿಷಯವಿತ್ತು. ಹಲಗೆಯ ಮೇಲಿನ ಟ್ಯೂಬ್‌ಲೈಟು ಹಳೆಯದು, ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುತ್ತಿತ್ತು. ಸಪ್ಪಳವಿಲ್ಲದೆ ತೆಗೆಯುವ ಕ್ರಮಕ್ಕೆ ಹಾಕಿದರೆ ಎಲ್ಲ ಕ್ಯಾಮೆರಾಗಳೂ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತವೆ. ಓದಿ ಮುಗಿಸುವಷ್ಟರಲ್ಲಿ ಬೆಳಕು ನಾಲ್ಕಾರು ಸಲ ಬದಲಾಗಿ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೂಡುತ್ತವೆ. ಈ ಕ್ಯಾಮೆರಾ ಆ ಕ್ರಮದಲ್ಲೇ ಇತ್ತು, ಆದರೂ ಚಿತ್ರದಲ್ಲಿ ಒಂದೂ ಪಟ್ಟೆ ಇರಲಿಲ್ಲ.

ಮಂಡಿಯಣ್ಣ ಕತ್ತು ಚಾಚಿ ಪರದೆ ನೋಡಿದ. ಗಂಟಲು ಸರಿಮಾಡಿಕೊಂಡ.

“ಟ್ಯೂಬ್‌ಲೈಟ್ ಹೊಸದು ಹಾಕಿಸಿದ್ರಾ ಅಕ್ಕಾ?”

ಅವನು ಅವಳಿಗಿಂತ ಆರು ವರ್ಷ ದೊಡ್ಡವನು. ಆದರೂ ಅವಳು ಎಲ್ಲರಿಗೂ ಅಕ್ಕ.

“ಇಲ್ಲ. ಹದಿನಾಲ್ಕು ವರ್ಷದ್ದು.”

“ಓ.”

ಧೂಳಕ್ಕ ಇನ್ನೊಂದು ಕಡ್ಡಿ ಬಿಚ್ಚಿ ಎರಡು ಚುಕ್ಕೆಗಳನ್ನೂ ಒರೆಸಿದಳು. ಮುಚ್ಚಳ ಹಾಕಿ ಕ್ಯಾಮೆರಾ ಕೊಟ್ಟಳು.

“ಬೇರೆ ಏನಾದ್ರೂ ಕಾಣಿಸ್ತಾ?” ಎಂದ ಮಂಡಿಯಣ್ಣ.

“ಧೂಳು ಕಾಣಿಸ್ತು.”

“ಧೂಳು ಬಿಟ್ಟು?”

“ಧೂಳು ಬಿಟ್ಟು ನಾನೇನೂ ನೋಡಲ್ಲ ಮಂಡಿಯಣ್ಣ.”

ಕಂಪನಿಯವರು ಪರೀಕ್ಷೆಗೆ ಅಂತ ಕೊಟ್ಟ ಕ್ಯಾಮೆರಾ ಅದು ಎಂದು ಅವನು ಹೇಳುವ ಹಾಗಿರಲಿಲ್ಲ, ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ಸಹಿ ಹಾಕಿದ್ದ. ಅವರಿಗೆ ಕಳಿಸಿದ್ದರೆ ಮೂರು ವಾರ ಆಗುತ್ತಿತ್ತು. ಫೈನಲ್ ಪಂದ್ಯಕ್ಕೆ ಮೂರೇ ದಿನ ಇತ್ತು. ಸೋಮವಾರ ಬಂದಾಗ ಕಾಲು ತಾನಾಗಿ ಇತ್ತ ತಿರುಗಿತ್ತು. ಗೊತ್ತಾಯಿತು ಎಂದು ಅವಳೂ ಹೇಳುವ ಹಾಗಿರಲಿಲ್ಲ. ಇಬ್ಬರೂ ಬಲು ಮರ್ಯಾದೆಯಿಂದ ಹವಾಮಾನದ ಬಗ್ಗೆ ಎರಡು ಮಾತಾಡಿ ಬೀಳ್ಕೊಂಡರು.

ಗುರುವಾರ ಬೆಳಿಗ್ಗೆ ಅಮ್ಮ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಮಗನ ಅಂಕಣವನ್ನು ಜೋರಾಗಿ ಓದುತ್ತಿದ್ದಳು. ಅದು ಅವಳ ರೂಢಿ. ಕ್ಯಾಮೆರಾದ ತಲೆಬುಡ ಗೊತ್ತಿಲ್ಲದಿದ್ದರೂ ಒಂದು ಸಂಚಿಕೆಯನ್ನೂ ಬಿಟ್ಟವಳಲ್ಲ.

“‘ಮುಂದಿನ ಕ್ಯಾಮೆರಾದ ಸೆನ್ಸರ್ ಬಗ್ಗೆ ಮೂರು ಸಂಗತಿಗಳು. ಒಂದು, ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಓದುತ್ತದೆ. ಒದ್ದ ಚೆಂಡು ಓದುವಷ್ಟರಲ್ಲಿ ಸರಿದು ಮೊಟ್ಟೆಯಾಕಾರ ಆಗುವುದು ಇನ್ನಿಲ್ಲ. ಎರಡು, ಮೇಲಿನ ಗಾಜಿನ ದಪ್ಪ ಸೊನ್ನೆ ಪಾಯಿಂಟ್ ಒಂಬತ್ತು ಮಿಲಿಮೀಟರ್. ಮೂರು...’ ಇದೇನೋ, ಮೂರಕ್ಕೂ ‘ಬಿಸಿ’ ಹಾಕಿದ್ದೀಯ! ಜ್ವರ ಬಂದಿತ್ತಾ?”

ಧೂಳಕ್ಕನ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರ ನಿಂತಿತು.

“ಎಲ್ಲಿಂದ ಬಂತು ಇದು?”

“ಯಾವುದು?” ಎಂದ ತಮ್ಮ.

“ಸೊನ್ನೆ ಪಾಯಿಂಟ್ ಒಂಬತ್ತು.”

ತಮ್ಮ ಅತ್ತಿತ್ತ ನೋಡಿದ. ಮನೆಯಲ್ಲಿ ಮೂವರೇ ಇದ್ದರೂ ದನಿ ತಗ್ಗಿಸಿದ.

“ಯಾರಿಗೂ ಹೇಳ್ಬೇಡ. ಈಗ ಇರೋ ಗಾಜು ಎರಡು ಮಿಲಿಮೀಟರ್. ದಪ್ಪ ಅಂತ ಎಲ್ಲರೂ ಬೈತಾರೆ. ಜನ ಯಾವುದನ್ನ ಬೈತಾರೋ ಅದನ್ನ ಕಂಪನಿಯವರು ಒಂದಲ್ಲ ಒಂದು ದಿನ ಸರಿಮಾಡ್ತಾರೆ. ಅರ್ಧ ಮಾಡಿದ್ರೆ ಒಂದು. ಆದ್ರೆ ಒಂದು ಅಂತ ಬರೆದ್ರೆ ಕಟ್ಟಿದ ಕಥೆ ಥರ ಕಾಣುತ್ತೆ. ಅದಕ್ಕೆ ಪಾಯಿಂಟ್ ಒಂಬತ್ತು.”

ಅವಳು ನಂಬಿದಳು. ಎಂಟನೇ ಕ್ಲಾಸಿನಲ್ಲಿ ಶಾಲೆ ತಪ್ಪಿಸಿದಾಗಲೂ ಇವನು, ನೂರಾ ಒಂದು ಪಾಯಿಂಟ್ ಮೂರು ಜ್ವರ ಇತ್ತು ಟೀಚರ್ ಅಂದಿದ್ದ.

“‘ಬಿಸಿ’ ಯಾಕೆ ಹಾಕಿದೆ?”

“ಒಬ್ಬ ಬರೆದಿದ್ದ ಅಕ್ಕಾ. ಈ ಅಂಕಣ ಓದೋ ಬದಲು ಮನೆ ಕಿಟಕಿ ತೆಗೆದ್ರೆ ಸಾಕು, ಇಷ್ಟೇ ಗಾಳಿ ಬರುತ್ತೆ ಅಂತ. ಇನ್ನೂರ ಹನ್ನೆರಡು ಜನ ಅದಕ್ಕೆ ಹೌದು ಹೌದು ಅಂದಿದ್ರು.”

“ಪಾಪ,” ಎಂದಳು ಅಮ್ಮ, ಮೊಬೈಲು ಕೆಳಗಿಟ್ಟು. ಮೂರನೆಯ ಸಂಗತಿಯನ್ನು ಅವತ್ತು ಮನೆಯಲ್ಲಿ ಯಾರೂ ಓದಲಿಲ್ಲ.

ಫೋನು ಬಂದದ್ದು ಹನ್ನೊಂದು ಗಂಟೆಗೆ. ಮಂಡಿಯಣ್ಣನದು.

“ಅಕ್ಕಾ, ನಾನು ನಿಮ್ಮನ್ನ ಏನೂ ಕೇಳಲ್ಲ,” ಎಂದ. “ಕೊಟ್ಟಿದ್ದನ್ನ ಅವರು ವಾಪಸ್ ತಗೊಂಡ್ರು. ಯಾರು ತಗೊಂಡ್ರು, ಏನು ತಗೊಂಡ್ರು ಅಂತ ನಾನು ಹೇಳೋ ಹಾಗಿಲ್ಲ. ಅಷ್ಟೇ.”

“ಮಂಡಿಯಣ್ಣ, ನಾನು...”

“ನಾನೇನೂ ಕೇಳಲಿಲ್ಲ ಅಕ್ಕಾ.” ಫೋನಿಟ್ಟ.

ನಾನು ಹೇಳಲಿಲ್ಲ ಎನ್ನಬೇಕಾದರೆ ಏನನ್ನು ಹೇಳಲಿಲ್ಲ ಎನ್ನಬೇಕು. ಅಷ್ಟು ಹೇಳಿದರೆ ಕಂಡದ್ದನ್ನು ಹೇಳಿದ ಹಾಗಾಯಿತು. ಧೂಳಕ್ಕ ಫೋನಿನ ಪರದೆಯನ್ನು ಅಂಗಿಯ ತುದಿಯಿಂದ ಒರೆಸಿ ಪಕ್ಕಕ್ಕಿಟ್ಟಳು.

ಊಹಾಪೋಹದ ಸುದ್ದಿಗಾರನ ಅಕ್ಕನೇ ಸೆನ್ಸರ್ ಒರೆಸುವವಳು ಎಂಬುದು ಕಸುಬಿನವರಿಗೆಲ್ಲ ಗೊತ್ತಿದ್ದದ್ದೇ. ಇಷ್ಟು ವರ್ಷ ಅದೊಂದು ತಮಾಷೆಯಾಗಿತ್ತು. ಈಗ ಒಂದಕ್ಕೊಂದು ಸೇರಿಸಿ ನೋಡಿದರು. ಯಾರೂ ಜಗಳಕ್ಕೆ ಬರಲಿಲ್ಲ. ಶುಕ್ರವಾರ ಬಂದ ಮೂರು ಕ್ಯಾಮೆರಾಗಳಲ್ಲಿ ಮೆಮೊರಿ ಕಾರ್ಡ್ ಇರಲಿಲ್ಲ, ಅಷ್ಟೇ. ಶನಿವಾರ ಬಂದ ಎರಡರಲ್ಲೂ ಇರಲಿಲ್ಲ. ಕಾರ್ಡಿನ ಖಾಲಿ ಗೂಡುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಅವಳನ್ನು ನೋಡಿದವು. ಮದುವೆಗಳ ಫೋಟೋ ತೆಗೆಯುವ ಹೆಂಗಸೊಬ್ಬಳು, ಎಂಟು ವರ್ಷದ ಗಿರಾಕಿ, ಕ್ಯಾಮೆರಾ ಕೊಟ್ಟು ಹೋಗುವ ಬದಲು ಹಳದಿ ಪಟ್ಟಿಗೆ ಕಾಲ್ಬೆರಳು ತಾಗಿಸಿ ನಿಂತೇಬಿಟ್ಟಳು.

“ಕೂತ್ಕೊಳ್ಳಿ,” ಎಂದಳು ಧೂಳಕ್ಕ.

“ಪರವಾಗಿಲ್ಲ ಅಕ್ಕಾ, ನಿಂತ್ರೆ ಕಾಲಿಗೆ ಒಳ್ಳೇದು.”

ನಲವತ್ತು ನಿಮಿಷ ಅವಳು ಕಾಲಿಗೆ ಒಳ್ಳೆಯದು ಮಾಡಿಕೊಂಡಳು. ಕಣ್ಣು ಧೂಳಕ್ಕನ ಕೈ ಬಿಟ್ಟು ಕದಲಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಧೂಳಕ್ಕನ ಕಡ್ಡಿ ಮಧ್ಯದಲ್ಲಿ ತಡೆದು, ಗಾಜಿನ ಮೇಲೆ ಒದ್ದೆಯ ಗೆರೆ ಉಳಿಯಿತು. ಇನ್ನೊಮ್ಮೆ ಒರೆಸಬೇಕಾಯಿತು.

ಮುಂದಿನ ವಾರ ಎರಡೇ ಕ್ಯಾಮೆರಾ ಬಂದವು. ಮಂಡಿಯಣ್ಣನ ಸೋಮವಾರ ಬಂದಿತು, ಮಂಡಿಯಣ್ಣ ಬರಲಿಲ್ಲ.

ಅವತ್ತು ಊಟಕ್ಕೆ ಬಂದ ತಮ್ಮನ ಮುಖ ಮಾತ್ರ ಹೊಳೆಯುತ್ತಿತ್ತು. “ಅರವತ್ತು ಸಾವಿರ ಆಯ್ತು ಅಕ್ಕಾ! ಬೇರೆ ದೇಶದವರೂ ನನ್ನ ಅಂಕಣ ತರ್ಜುಮೆ ಮಾಡಿ ಹಾಕ್ತಿದ್ದಾರೆ. ‘ಮೂಲ ಯಾರು ಸರ್, ಮೂಲ ಯಾರು ಸರ್’ ಅಂತ ಒಂದೇ ಸಮ ಪೀಡಿಸ್ತಾರೆ.”

“ನೀನೇನಂದೆ?”

“ಹೇಳೋಕಾಗಲ್ಲ ಅಂದೆ.”

“ಹೇಳೋಕೆ ಮೂಲವೇ ಇಲ್ಲ ಅಂತ ಯಾಕೆ ಅನ್ನಲಿಲ್ಲ?”

ತಮ್ಮ ತುತ್ತು ನುಂಗಿದ. ಅವಳು ಖಾಲಿ ಮೇಜನ್ನು ತೋರಿಸಿದಳು. “ಜನ ಏನಂದ್ಕೊಂಡಿದ್ದಾರೆ ಗೊತ್ತಾ? ಆ ಮೂಲ ನಾನು ಅಂತ. ನನ್ನ ಹತ್ರ ಇದ್ದದ್ದು ಒಂದೇ ಕಣೋ. ನಾನು ಬಾಯಿ ಬಿಡಲ್ಲ ಅನ್ನೋದು. ಒರೆಸೋಕೆ ಯಾರಾದ್ರೂ ಒರೆಸ್ತಾರೆ, ಆ ಕಡ್ಡಿ ಅಂಗಡೀಲಿ ಸಿಗುತ್ತೆ. ನೀನು ಬರಿ. ಊಹೆ ಮಾಡಿದೆ ಅಂತ ಬರಿ.”

“ಹಂಗೆ ಬರೆದ್ರೆ ನನ್ನ ಕಥೆ?” ತಮ್ಮನ ದನಿ ಸಣ್ಣದಾಯಿತು. “ಆಫೀಸಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅಕ್ಕಾ. ‘ಏಯ್ ಫೋಟೋ’ ಅಂತಾರೆ. ಅಲ್ಲೊಂದೇ ಕಡೆ ನಾನು ‘ಸರ್’.”

ಒಳಗಿನಿಂದ ಅಮ್ಮ ಕೇಳಿಸಿಕೊಂಡಿದ್ದಳು.

“ಏನೋ, ಅಕ್ಕನ ಮುಚ್ಚಿದ ಬಾಯಿ ದೊಡ್ಡದಾ, ನಿನ್ನ ‘ಸರ್’ ದೊಡ್ಡದಾ?” ಎಂದಳು ಅಲ್ಲಿಂದಲೇ. “ಅವಳು ಚಿಕ್ಕವಳಿದ್ದಾಗ ನೀನು ಗಾಜಿನ ಹೂಜಿ ಒಡೆದದ್ದನ್ನ ನನಗೆ ಇವತ್ತಿಗೂ ಹೇಳಿಲ್ಲ.”

“ಮತ್ತೆ ನಿನಗೆ ಹೇಗೆ ಗೊತ್ತು?”

“ನೀನೇ ಹೇಳಿದೆಯಲ್ಲೋ, ಏಳೂಕಾಲು ಇಂಚು ಎತ್ತರದಿಂದ ತಾನಾಗೇ ಬಿತ್ತು ಅಂತ.”

ತಮ್ಮ ಎರಡು ದಿನ ಬರೆದು ಅಳಿಸಿದ. ಮೂರನೆಯ ದಿನ ಪ್ರಕಟಿಸಿದ. ಒಂದೂ ಮುಚ್ಚಿಡಲಿಲ್ಲ: ತನಗೆ ಯಾವ ಮೂಲವೂ ಇಲ್ಲ, ಯಾವತ್ತೂ ಇರಲಿಲ್ಲ, ‘ಬಿಸಿ’ ಹಾಕಿದ್ದು ಸಿಟ್ಟಿನಿಂದ. ಮೊದಲನೆಯದನ್ನು ಬರೆದದ್ದು ಜನ ಮೊಟ್ಟೆಯಾಕಾರದ ಚೆಂಡಿನ ಬಗ್ಗೆ ಗೊಣಗುತ್ತಿದ್ದರಿಂದ. ಎರಡನೆಯದರ ಅಂಕಿ ಬಂದದ್ದು ಒಂದರಲ್ಲಿ ಪಾಯಿಂಟ್ ಒಂದು ಕಳೆದದ್ದರಿಂದ. ಮೂರನೆಯದು, ಸೆನ್ಸರ್ ತಣ್ಣಗಿರಲು ಉಗುರಿನಷ್ಟು ಚಿಕ್ಕ ಫ್ಯಾನ್ ಇರುತ್ತದೆ ಎಂಬುದು, ಆ ಸಂಜೆ ಮನೆಯಲ್ಲಿ ವಿಪರೀತ ಸೆಕೆಯಿದ್ದದ್ದರಿಂದ. ಕೊನೆಗೆ, ‘ನನ್ನ ಅಕ್ಕ ನಾಲ್ಕು ತಿಂಗಳಲ್ಲಿ ನನ್ನ ಒಂದು ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ’ ಎಂದು ಬರೆದು, ತಾನೇ ಅದಕ್ಕೆ ದರ್ಜೆ ಹಾಕಿದ್ದ: ಬಿಸಿ.

ಪ್ರಕಟಿಸಿ, ಬೈಗುಳಕ್ಕೆ ಕಾದು ಕೂತ. ಮೊದಲ ಪ್ರತಿಕ್ರಿಯೆ ಮೂರು ನಿಮಿಷಕ್ಕೆ ಬಂತು.

‘ಅರ್ಥವಾಯ್ತು ಸರ್. ಒತ್ತಡ ಬಂದಿದೆ. ಧೈರ್ಯವಾಗಿರಿ.’

ಎರಡನೆಯದು: ‘ಕಂಪನಿಯ ವಕೀಲರು ಬರೆಸಿದ್ದು ಅಂತ ಮಗುವಿಗೂ ಗೊತ್ತಾಗುತ್ತೆ. ಸುಳ್ಳಾಗಿದ್ದರೆ ಇಷ್ಟು ವಿವರವಾಗಿ ಅಲ್ಲಗಳೆಯುತ್ತಿದ್ದರೇ?’

ಸಂಜೆಯ ಹೊತ್ತಿಗೆ ಓದುಗರೇ ಹೊಸ ದರ್ಜೆಯೊಂದನ್ನು ಹುಟ್ಟುಹಾಕಿ, ಮೂರು ಸಂಗತಿಗಳನ್ನೂ ‘ಬಿಸಿ’ಯಿಂದ ಅದಕ್ಕೆ ಏರಿಸಿದ್ದರು. ಅದರ ಹೆಸರು ‘ಕೆಂಡ’.

“ಜೀವಮಾನದಲ್ಲಿ ಒಂದು ಸಲ ನಿಜ ಬರೆದೆ,” ಎಂದ ತಮ್ಮ. “ಯಾವನೂ ನಂಬಲಿಲ್ಲ.”

“ಅವರಿಗೆ ರೂಢಿ ಇರಲ್ಲ,” ಎಂದಳು ಅಮ್ಮ. “ನಿಧಾನಕ್ಕೆ ಆಗುತ್ತೆ.”

ಒಬ್ಬ ನಂಬಿದ. ಮಾರನೆಯ ದಿನ ಬೆಳಿಗ್ಗೆ ಧೂಳಕ್ಕ ಬಾಗಿಲು ತೆಗೆಯುವಾಗಲೇ ಮಂಡಿಯಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಅವನ ಹಳೆಯ ಕ್ಯಾಮೆರಾ ಇತ್ತು, ಟೇಪಿಲ್ಲದ್ದು.

“ಅಕ್ಕಾ, ಯಾವ ಕ್ಯಾಮೆರಾ ಅಂತ ನಾನು ಹೇಳಲ್ಲ,” ಎಂದ, ನಿಂತುಕೊಳ್ಳುತ್ತ.

“ನಾನೂ ಕೇಳಲ್ಲ.”

“ಯಾವುದೋ ಒಂದು ಕ್ಯಾಮೆರಾ. ಅದರಲ್ಲಿ ಫ್ಯಾನ್ ಇರಲಿಲ್ಲ.”

“ಹೂಂ.”

“ನೀವು ಅದನ್ನ ಕೈಯಲ್ಲಿ ಹಿಡಿದಿದ್ರಿ. ಅಂದ್ರೆ ಹಿಡಿದಿದ್ರಿ ಅಂತ ಇಟ್ಕೊಳ್ಳಿ. ನಿಮಗೆ ಗೊತ್ತಾಗಿರುತ್ತೆ ಫ್ಯಾನ್ ಇಲ್ಲ ಅಂತ. ನೀವು ಹೇಳಿದ್ದೇ ಆಗಿದ್ರೆ ನಿಮ್ಮ ತಮ್ಮ ಫ್ಯಾನ್ ಅಂತ ಯಾಕೆ ಬರೀತಿದ್ದ? ಅವತ್ತು ನಾನು ಮೊದಲೆರಡು ಓದಿದೆ, ಎದೆ ಧಸಕ್ಕಂತು, ಅಲ್ಲಿಗೇ ಬಿಟ್ಟೆ. ಮೂರನೇದು ಓದಿದ್ದು ನಿನ್ನೆ.” ಅವನು ಮಂಡಿ ಉಜ್ಜಿಕೊಂಡ. “ಮೂರನೇದು ಓದದೆ ನಿಮ್ಮ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು.”

“ಅನುಮಾನ ಯಾಕೆ? ನೀವೇನೂ ಕೇಳಲೇ ಇಲ್ಲವಲ್ಲ.”

“ಅದೇ ತಪ್ಪು.”

ಅವನು ಹಳೆಯ ಕ್ಯಾಮೆರಾ ಕೊಟ್ಟ. ಕಾರ್ಡು ಒಳಗಿತ್ತು. ಧೂಳಕ್ಕ ಗೂಡಿನ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಮೂಗು ಒರೆಸಿಕೊಂಡಳು. ಧೂಳಿನ ಕೆಲಸದಲ್ಲಿ ಅದು ಆಗಾಗ ಆಗುವಂಥದ್ದೇ. ಮದುವೆ ಫೋಟೋದ ಹೆಂಗಸಿಗೆ ಮಂಡಿಯಣ್ಣನೇ ಏನೋ ಹೇಳಿದನೆಂದು ಕಾಣುತ್ತದೆ, ಶನಿವಾರ ಅವಳು ಕ್ಯಾಮೆರಾವನ್ನು ಕಾರ್ಡಿನ ಸಮೇತ ಸ್ಟೂಲಿನ ಮೇಲಿಟ್ಟು, ಕಾಲುನೋವು ಅಕ್ಕಾ, ನಿಲ್ಲೋಕಾಗಲ್ಲ ಎಂದು ಹೊರಟುಹೋದಳು.

ಕಂಪನಿಯವನು ಬಂದದ್ದು ಅದರ ಮರುವಾರ, ಮಧ್ಯಾಹ್ನ. ಗರಿಗರಿ ಅಂಗಿ, ಅದರ ಮೇಲೆ ಎಲ್ಲೂ ಕಂಪನಿಯ ಹೆಸರಿಲ್ಲ. ಗೋಡೆಯ ಎರಡು ನಿಯಮಗಳನ್ನೂ ಓದಿ ತಲೆದೂಗಿ, ಪಟ್ಟಿಯ ಈಚೆ ಶಿಸ್ತಾಗಿ ನಿಂತ.

“ಮೇಡಂ, ನಾನು ಜಗಳಕ್ಕೆ ಬಂದಿಲ್ಲ,” ಎಂದ.

“ನನ್ನ ತಮ್ಮ ಊಹೆ ಮಾಡಿದ್ದು. ನಾನು ಏನೂ ಹೇಳಿಲ್ಲ.”

“ಖಂಡಿತ ಮೇಡಂ. ಯಾರು ಕೇಳಿದ್ರೂ ಹೀಗೇ ಹೇಳಿ. ತುಂಬಾ ಚೆನ್ನಾಗಿದೆ.”

“ಹೀಗೇ ನಡೆದದ್ದು.”

“ಒಂದಿಷ್ಟೂ ಮುಖ ಬದಲಾಗದೆ ಹೇಳ್ತೀರಲ್ಲ, ಅದಕ್ಕೇ ನಮಗೆ ನೀವು ಬೇಕು.” ಅವನು ಕುಳಿತ. “ಸೋರಿಕೆ ಆಯ್ತು ಅಂದಾಗ ಮೇಲಿನವರು ಕೆಂಡಾಮಂಡಲ ಆದ್ರು. ಆಮೇಲೆ ಒಬ್ಬರು ಗ್ರಾಫ್ ಹಾಕಿ ತೋರಿಸಿದ್ರು. ನಾವು ಜಾಹೀರಾತು ಕೊಟ್ರೆ ಜನ ಪುಟ ತಿರುಗಿಸ್ತಾರೆ. ನಾವು ಬಚ್ಚಿಟ್ಟಿದ್ದು ಅಂದ್ರೆ ಮುಗಿಬೀಳ್ತಾರೆ. ಎರಡು ವಾರದಲ್ಲಿ ವಿಚಾರಿಸಿದವರು ನಾಲ್ಕು ಪಟ್ಟು. ಗ್ರಾಫ್ ನೋಡಿದ ಮೇಲೆ ಯಾರಿಗೂ ಸಿಟ್ಟಿಲ್ಲ. ಫ್ಯಾನ್ ಒಂದು ಮಾತ್ರ ನಮಗೂ ಗೊತ್ತಿರಲಿಲ್ಲ. ಜನ ತುಂಬಾ ಇಷ್ಟಪಟ್ಟಿದ್ದಾರೆ, ಹಾಕಿಬಿಡೋಣ ಅಂತ ಎಂಜಿನಿಯರುಗಳು ಕೂತಿದ್ದಾರೆ.”

ಬಾಗಿಲಲ್ಲಿ ತಮ್ಮ ಬಂದು ನಿಂತಿದ್ದ, ಊಟದ ಡಬ್ಬಿ ಕೈಯಲ್ಲೇ ಇತ್ತು. ಫ್ಯಾನಿನ ಮಾತು ಕೇಳಿ ಅವನ ಬಾಯಿ ತೆರೆದು ಹಾಗೇ ನಿಂತಿತು.

ಕಂಪನಿಯವನು ಬೆರಳು ಮಡಚುತ್ತ ಹೇಳಿದ. ತಿಂಗಳಿಗೊಂದು ಕ್ಯಾಮೆರಾ ಒರೆಸಲು ಬರುತ್ತದೆ. ಯಾರೂ ನೋಡಿರದಂಥದ್ದು. ಅವಳು ಬಾಯಿ ಬಿಡಬೇಕಾಗಿಲ್ಲ. ತಮ್ಮನಿಗೆ ಹೇಳಬೇಕಾಗಿಲ್ಲ, ತೋರಿಸಬೇಕಾಗಿಲ್ಲ. ಊಟದ ಬಿಡುವಿನ ಮೂವತ್ತು ನಿಮಿಷ ಅದನ್ನು ಟೇಪಿಲ್ಲದೆ ಮೇಜಿನ ಮೇಲೆ ಬಿಟ್ಟಿದ್ದರೆ ಸಾಕು. ಬದಲಿಗೆ ಹೊರಗೆ ‘ಅಧಿಕೃತ ಸೇವಾ ಕೇಂದ್ರ’ ಎಂಬ ಬೋರ್ಡು. ಅಧಿಕೃತರಲ್ಲದವರಿಗೆ ಕಂಪನಿ ಒಂದು ತಿರುಪನ್ನೂ ಮಾರುವುದಿಲ್ಲ, ಅವಳು ಇವತ್ತಿಗೂ ಸತ್ತ ಕ್ಯಾಮೆರಾಗಳ ಹೊಟ್ಟೆ ಬಗೆದು ಬಿಡಿಭಾಗ ಹೊಂದಿಸುತ್ತಾಳೆ ಎಂದು ಅವನು ತಿಳಿದುಕೊಂಡು ಬಂದಿದ್ದ. ಇನ್ನು ಮೇಲೆ ಬೇಕಾದ ಭಾಗ ಎರಡೇ ದಿನದಲ್ಲಿ ಬಾಗಿಲಿಗೆ ಬರುತ್ತದೆ. ಹೊಸ ಸೆನ್ಸರ್ ಕೂಡ.

“ಫುಟ್‌ಬಾಲ್ ಫೋಟೋಗ್ರಾಫರಿಗೂ ಅವರ ಕ್ಯಾಮೆರಾ ವಾಪಸ್ ಕೊಡ್ತೀವಿ,” ಎಂದ.

ಧೂಳಕ್ಕ ಮೊದಲ ಸಲ ತಲೆಯೆತ್ತಿದಳು. “ಅವರನ್ನ ಕೇಳಿದ್ರಾ?”

“ಕೇಳಿದ್ವಿ.”

“ಏನಂದ್ರು?”

ಅವನು ಸ್ವಲ್ಪ ಹಿಂದೇಟು ಹಾಕಿದ. “‘ಅಕ್ಕ ಒಪ್ಪಲ್ಲ, ಸುಮ್ನೆ ಹೋಗಿ ಮುಖ ಸಣ್ಣ ಮಾಡ್ಕೋಬೇಡಿ’ ಅಂದ್ರು. ಆದ್ರೂ ಬಂದೆ. ನಮ್ಮ ಕೆಲಸ ಹಾಗೆ ನೋಡಿ.”

“ಅಕ್ಕಾ,” ಎಂದ ಬಾಗಿಲಿಂದ ತಮ್ಮ. ಅಷ್ಟಕ್ಕೇ ನಿಲ್ಲಿಸಿದ. ತಿಂಗಳಿಗೊಂದು ನಿಜವಾದ ‘ಬಿಸಿ’ ಅವನ ಕಣ್ಣಲ್ಲಿ ಬಂದು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಹೋಯಿತು. ಅವನು ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಬಿಗಿ ಮಾಡತೊಡಗಿದ.

ಧೂಳಕ್ಕ ಕೈಗವಸು ಕಳಚಿದಳು.

“ಬೇಡ,” ಎಂದಳು.

“ಯಾವುದು ಬೇಡ ಮೇಡಂ? ಬೋರ್ಡು ದೊಡ್ಡದಾಯ್ತು ಅನ್ಸಿದ್ರೆ ಚಿಕ್ಕದೂ ಇದೆ.”

“ಬೋರ್ಡು ಬೇಡ. ಬಿಡಿಭಾಗ ಬೇಡ. ನಿಮ್ಮ ಕ್ಯಾಮೆರಾನೂ ಬೇಡ.”

“ಈಗಲೇ ಹೇಳ್ಬೇಡಿ. ಒಂದು ವಾರ ಟೈಮ್ ಕೊಡ್ತೀನಿ, ಯೋಚನೆ ಮಾಡಿ.”

“ಮಾಡಲ್ಲ,” ಎಂದಳು ಧೂಳಕ್ಕ.